ಅರಮನೆಯಾಚೆಯ ಮೈಸೂರು

ಮೈಸೂರಿನಲ್ಲಿ ಅತಿ ಹೆಚ್ಚು ಸಲ ಕ್ಯಾಮೆರಾಕ್ಕೆ ಸಿಕ್ಕಿರುವುದು ಅಂಬಾವಿಲಾಸ ಅರಮನೆ. ಅದರಲ್ಲಿ ಆಶ್ಚರ್ಯವೇನಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿ, 1912ರ ಹೊತ್ತಿಗೆ ಮುಗಿದ ಕಟ್ಟಡ ಅದು. ದರ್ಬಾರು, ಜಂಬೂಸವಾರಿ, ದಸರೆಯ ದೀಪಾಲಂಕಾರ ಎಲ್ಲದರ ಚಿತ್ರಗಳೂ ಹೇರಳವಾಗಿವೆ. ಮುಂದೆ ಯಾರಾದರೂ ಅರಮನೆಯ ಚರಿತ್ರೆ ಬರೆಯಲು ಕೂತರೆ ಅವರಿಗೆ ಚಿತ್ರಗಳ ಬರ ಬರಲಾರದು. ಆದರೆ ಕೋಟೆ ದಾಟಿ ಸಯ್ಯಾಜಿರಾವ್ ರಸ್ತೆಗೆ ಕಾಲಿಟ್ಟ ಕೂಡಲೇ ಈ ಸಮೃದ್ಧಿ ಮುಗಿಯುತ್ತದೆ. ಹೂ ಕಟ್ಟುವವರು, ವೀಳ್ಯದೆಲೆ ಮಾರುವವರು, ಹಳೆಯ ಪುಸ್ತಕದಂಗಡಿ, ಜಟಕಾ ನಿಲ್ದಾಣ, ಮೊಹಲ್ಲಾದ ಹೆಂಚಿನ ಮನೆಗಳ ಸಾಲು ಇವೆಲ್ಲ ಊರಿನ ಬದುಕನ್ನು ದಿನವೂ ನಡೆಸಿದವು. ಇವುಗಳ ಫೋಟೋ ತೆಗೆಯುವುದು ಬಿಡುವಿನ ಹವ್ಯಾಸವೆಂದೇ ನಮ್ಮಲ್ಲಿ ಎಣಿಕೆ. ಅದು ಊರ ಚರಿತ್ರೆ ಬರೆಯುವ ಕೆಲಸದ ಒಂದು ಭಾಗ, ಕ್ರಮವಾಗಿ ಮಾಡಿದರೆ ಶಾಸನ ಓದುವುದರಷ್ಟೇ ಗಂಭೀರವಾದದ್ದು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಅರಮನೆಗೆ ಕೂಗಳತೆಯಲ್ಲೇ ಇದೆ. ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಬಳಿಕ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ಬಿತ್ತು. ಅಲ್ಲಿಂದ ಶುರುವಾದ ಜಗಳ ಎಲ್ಲರಿಗೂ ಗೊತ್ತು: ಕೆಡವಿ ಹೊಸದು ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬೇಕೆಂದು ಇನ್ನೊಂದು ಪಕ್ಷ, ತಜ್ಞರ ವರದಿ ಮೇಲೆ ವರದಿ, ಕೊನೆಗೆ ಹೈಕೋರ್ಟ್. ಎರಡು ಪಕ್ಷಗಳೂ ಕಟ್ಟಡದ ಸ್ಥಿತಿಯ ಬಗ್ಗೆಯೇ ವಾದಿಸಿದವು. ಗಾರೆ ಎಲ್ಲಿ ಉದುರಿದೆ, ಮದ್ರಾಸ್ ತಾರಸಿಯ ಮರದ ತೊಲೆ ಎಲ್ಲಿ ಕೊಳೆತಿದೆ, ಕಮಾನಿನ ಸಂದಿಯಲ್ಲಿ ಅರಳಿಗಿಡ ಎಷ್ಟು ಆಳಕ್ಕೆ ಬೇರುಬಿಟ್ಟಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದ್ದು ಕಾಲಾನುಕ್ರಮದ ಚಿತ್ರಮಾಲೆ. ಒಂದೇ ಕಮಾನನ್ನು ಒಂದೇ ಜಾಗದಲ್ಲಿ ನಿಂತು ಪ್ರತಿ ಮಳೆಗಾಲ ಮುಗಿದ ಮೇಲೆ ಯಾರಾದರೂ ತೆಗೆದಿಟ್ಟಿದ್ದರೆ, ಬಿರುಕು ಯಾವ ವರ್ಷ ಕೂದಲೆಳೆಯಷ್ಟಿತ್ತು, ಯಾವ ವರ್ಷ ಬೆರಳು ಹೋಗುವಷ್ಟಾಯಿತು ಎಂದು ತೋರಿಸಬಹುದಿತ್ತು. ದಸರೆಗೆ ಸುಣ್ಣ ಬಣ್ಣ ಹೊಡೆದ ಮುಂಭಾಗದ ಚಿತ್ರ ಈ ಕೆಲಸಕ್ಕೆ ಬಾರದು. ಬೇಕಾಗುವುದು ಹಿಂಭಾಗದ ಗೋಡೆ, ಮಳೆನೀರಿನ ಕೊಳವೆ, ಅಂಗಡಿಯ ಅಟ್ಟ.

ಕಟ್ಟಡವೊಂದೇ ಅಲ್ಲ, ಕಟ್ಟಡದೊಳಗಿನ ವ್ಯವಹಾರಕ್ಕೂ ಇದೇ ಮಾತು. ದೇವರಾಜ ಮಾರುಕಟ್ಟೆಯ ಚಿತ್ರವೆಂದರೆ ಸಾಮಾನ್ಯವಾಗಿ ಗೋಪುರದಂತೆ ಪೇರಿಸಿದ ಬಣ್ಣಬಣ್ಣದ ಕುಂಕುಮದ ರಾಶಿ. ಪ್ರವಾಸಿಗರ ಕಣ್ಣಿಗೆ ಅದು ಸಾಕು. ಊರ ಚರಿತ್ರೆಗೆ ಸಾಲದು. ಮಲ್ಲಿಗೆಯನ್ನು ಮೊಳಕೈ ಚಾಚಿ ಅಳೆದು ಕೊಡುವ ರೀತಿ, ವೀಳ್ಯದೆಲೆಯ ಕಟ್ಟನ್ನು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಡುವ ರೀತಿ, ಬಾಳೆಗೊನೆಗಳನ್ನು ತೂಗುಹಾಕುವ ಹಗ್ಗ, ತೂಕದ ಕಲ್ಲಿನಿಂದ ಎಲೆಕ್ಟ್ರಾನಿಕ್ ತಕ್ಕಡಿಗೆ ಬಂದದ್ದು, ಸೀಮೆಸುಣ್ಣದಲ್ಲಿ ಬರೆದ ದರದ ಹಲಗೆಯ ಪಕ್ಕ ಕ್ಯೂಆರ್ ಕೋಡ್ ಬಂದು ಕೂತದ್ದು, ಇವು ಯಾವ ಗೆಜೆಟಿಯರ್‌ನಲ್ಲೂ ಈ ವಿವರದಲ್ಲಿ ಬರುವುದಿಲ್ಲ. ಮೈಸೂರು ಮಲ್ಲಿಗೆಗೂ ಮೈಸೂರು ವೀಳ್ಯದೆಲೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅವನ್ನು ಮಾರಿ ಹೆಸರು ತಂದ ಕಟ್ಟೆಗಳ ದಾಖಲೆ ಸಿಗುವುದು ಅಪರೂಪ.

ಇನ್ನು ಕೆರೆಗಳ ಕತೆ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ನಿಜವಾಗಿಯೂ ಕೆರೆ. ಜೆ.ಕೆ. ಮೈದಾನ ಎಂದು ಈಗ ಕರೆಯುವುದು ಜೀವರಾಯನಕಟ್ಟೆ. ಸ್ವಾತಂತ್ರ್ಯ ಚಳವಳಿಯ ಸಭೆಗಳಿಗೆ ಹೆಸರಾದ ಸುಬ್ಬರಾಯನಕೆರೆಯಲ್ಲಿ ಈಗ ಇರುವುದು ಉದ್ಯಾನ. ಕೇರಿಗಳೂ ಹೀಗೆಯೇ ಬದಲಾದವು. 1897–98ರ ಪ್ಲೇಗು ಊರನ್ನು ನಡುಗಿಸಿದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಿನ ಕೇರಿಗಳ ಜಾಗದಲ್ಲಿ ಅಗಲ ರಸ್ತೆಗಳು, ಹೊಸ ಬಡಾವಣೆಗಳು ಎದ್ದವು. ಆರೋಗ್ಯದ ದೃಷ್ಟಿಯಿಂದ ಅದು ಅಗತ್ಯದ ಕೆಲಸವೇ. ಆದರೆ ಏನನ್ನು ತೆಗೆದು ಏನನ್ನು ಇಟ್ಟರು ಎಂಬುದನ್ನು ಇಂದಿನ ಸಾಮಾನ್ಯ ಓದುಗ ಕಣ್ಣಾರೆ ಹೋಲಿಸಿ ನೋಡುವುದು ಕಷ್ಟ. ಹೊಸದಾಗಿ ಕಟ್ಟಿದ್ದರ ಚಿತ್ರ ಸಲೀಸಾಗಿ ಸಿಗುತ್ತದೆ, ತೆರವಾದ ಕೇರಿಯದು ಸಿಗುವುದಿಲ್ಲ. ಕೆರೆ ಮುಚ್ಚಿದ ಜಾಗದಲ್ಲಿ ಮಳೆನೀರು ನಿಂತಾಗ ಮಾತ್ರ ಹಳೆಯ ಭೂಗೋಳ ನಮಗೆ ನೆನಪಾಗುತ್ತದೆ. ದಿನನಿತ್ಯದ್ದನ್ನು ದಾಖಲಿಸದ ಊರು ತನ್ನ ತಪ್ಪು ಒಪ್ಪುಗಳೆರಡನ್ನೂ ಅಳೆಯುವ ಅಳತೆಗೋಲನ್ನೇ ಕಳೆದುಕೊಳ್ಳುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ದಿನಕ್ಕೆ ಲೆಕ್ಕವಿಲ್ಲದಷ್ಟು ಫೋಟೋ ಬೀಳುತ್ತಿವೆ, ಇದಕ್ಕೆ ಬೇರೆ ಪ್ರಯತ್ನ ಏಕೆ ಎಂದು ಕೇಳಬಹುದು. ಫೋಟೋ ಹೆಚ್ಚಿದ ಮಾತ್ರಕ್ಕೆ ದಾಖಲೆ ಹೆಚ್ಚುವುದಿಲ್ಲ. ಸೆಲ್ಫಿಯಲ್ಲಿ ಊರು ಬೆನ್ನ ಹಿಂದಿನ ಮಸುಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುವುದಲ್ಲದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಒಳಗಿನ ಮಾಹಿತಿಯನ್ನೂ ಕಳೆದುಕೊಳ್ಳುತ್ತದೆ. ‘ಹಳೇ ಮೈಸೂರು’ ಎಂಬ ಒಂದೇ ಅಡಿಬರಹ ಹೊತ್ತು ಗುಂಪಿನಿಂದ ಗುಂಪಿಗೆ ಅಲೆಯುವ ಚಿತ್ರಗಳನ್ನು ನೋಡಿ: ಇಸವಿ ಇಲ್ಲ, ಬೀದಿಯ ಹೆಸರಿಲ್ಲ, ಎಷ್ಟೋ ಸಲ ಊರೇ ಬೇರೆ. ಗೂಗಲ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. 2022ರಲ್ಲಿ ಗೂಗಲ್‌ನ ಬೀದಿಚಿತ್ರ ಸೇವೆ ಸ್ಟ್ರೀಟ್ ವ್ಯೂ ಭಾರತಕ್ಕೆ ಮರಳಿದಾಗ ಮೊದಲ ಹತ್ತು ನಗರಗಳ ಪಟ್ಟಿಯಲ್ಲಿ ಮೈಸೂರು ಇರಲಿಲ್ಲ. ಇದ್ದರೂ ಅದರ ಕ್ಯಾಮೆರಾ ಕಾರು ಮಾರುಕಟ್ಟೆಯ ಓಣಿಗೆ ನುಗ್ಗದು, ಅಂಗಡಿಯವರ ತಾತನ ಹೆಸರು ಕೇಳದು.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಇದೆಲ್ಲ ಹಳೆಯ ಕಾಲದ ಹಂಬಲ, ಸೋರುವ ಸೂರಿನ ಕೆಳಗೆ ದುಡಿಯುವವನ ಕಷ್ಟವನ್ನು ಕಪ್ಪು ಬಿಳುಪಿನಲ್ಲಿ ಚೆಂದ ಮಾಡಿ ತೋರಿಸುವ ಚಟ ಎನ್ನುತ್ತಾರೆ. ಹಾಗೆ ಮಾಡುವವರು ಇದ್ದಾರೆ, ನಿಜ. ಆದರೆ ಇದೇ ಊರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಇನ್ನೊಂದು ದಾರಿ ತೋರಿಸಿಕೊಟ್ಟಿದ್ದಾರೆ. ‘ಲೈಫ್’ ಪತ್ರಿಕೆಗೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೂ ಕೆಲಸ ಮಾಡಿದ ಅವರು, ಸಿಡುಬು ನಿರ್ಮೂಲನೆಯಂಥ ಘನ ವಿಷಯವನ್ನೂ ಸಾಮಾನ್ಯರ ಮುಖಗಳ ಮೂಲಕವೇ ಹೇಳಿದರು. ಅಲ್ಲಿ ಕನಿಕರದ ಪ್ರದರ್ಶನವಿಲ್ಲ. ನಿತ್ಯದ ನೋಟ ಹಿಡಿಯುವವನು ಮೋರಿ, ಕಸದ ತೊಟ್ಟಿ, ಜೋತುಬಿದ್ದ ವಯರುಗಳನ್ನು ಚೌಕಟ್ಟಿನಿಂದ ಹೊರಗಿಡಬಾರದು, ಅವೂ ಊರೇ. ಮುಖ ತೆಗೆಯುವಾಗ ಕೇಳಿ ತೆಗೆಯಬೇಕು, ಬೇಡವೆಂದರೆ ಬಿಡಬೇಕು, ತೆಗೆದದ್ದರ ಒಂದು ಪ್ರತಿ ಅವರಿಗೂ ತಲುಪಬೇಕು. ಈ ಮರ್ಯಾದೆ ಪಾಲಿಸಿದರೆ ಹಂಬಲದ ಆರೋಪ ತಾನಾಗಿ ಸಡಿಲವಾಗುತ್ತದೆ.

ಫೋಟೋವೂ ಸುಳ್ಳು ಹೇಳುತ್ತದೆ, ತೆಗೆದವನು ಬೇಕಾದ್ದನ್ನಷ್ಟೇ ತೋರಿಸುತ್ತಾನೆ ಎಂಬ ಮಾತೂ ಉಂಟು. ಒಪ್ಪತಕ್ಕದ್ದೇ. ಆದರೆ ಶಾಸನವೂ ರಾಜನಿಗೆ ಬೇಕಾದ್ದನ್ನೇ ಹೇಳುತ್ತದೆ, ಕಂದಾಯದ ಕಡತವೂ ಅಧಿಕಾರಿಗೆ ಬೇಕಾದ್ದನ್ನೇ ಬರೆಯುತ್ತದೆ. ಚರಿತ್ರಕಾರ ಇವನ್ನು ಬಿಸಾಡುವುದಿಲ್ಲ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾನೆ. ಫೋಟೋಕ್ಕೂ ಅದೇ ಪರೀಕ್ಷೆ ಸಲ್ಲುತ್ತದೆ. ಒಬ್ಬನ ಒಂದು ಚಿತ್ರ ನಂಬಿಸಿ ಕೆಡಿಸಬಹುದು. ಹತ್ತು ಜನ ಬೇರೆ ಬೇರೆ ವರ್ಷ ಒಂದೇ ಮೂಲೆಯನ್ನು ತೆಗೆದ ಚಿತ್ರಗಳು ಒಂದರ ಸುಳ್ಳನ್ನು ಇನ್ನೊಂದು ಹಿಡಿಯುತ್ತವೆ. ಅಂಗಡಿಯ ಹಳೆಯ ರಸೀದಿ, ಹಿರಿಯರ ಮಾತು, ನಗರಪಾಲಿಕೆಯ ನಕ್ಷೆ ಇವುಗಳ ಜೊತೆ ಸೇರಿದಾಗ ಅವು ಗಟ್ಟಿ ಆಧಾರವಾಗುತ್ತವೆ.

ಹಾಗಾಗಿ ಇಲ್ಲಿ ಬೇಕಾದ್ದು ದುಬಾರಿ ಕ್ಯಾಮೆರಾ ಅಲ್ಲ, ಶಿಸ್ತು. ಚಿತ್ರದ ಜೊತೆ ತಾರೀಖು, ಬೀದಿ, ಯಾವ ದಿಕ್ಕಿಗೆ ನಿಂತು ತೆಗೆದದ್ದು, ಎದುರಿಗಿರುವುದು ಏನು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಬೇಕು. ಮೂಲ ಫೈಲನ್ನು ಎರಡು ಬೇರೆ ಜಾಗದಲ್ಲಿ ಇಡಬೇಕು. ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ, ನಜರ್‌ಬಾದ್, ಅಗ್ರಹಾರ, ಹೀಗೆ ತಮ್ಮ ಕೇರಿಯನ್ನು ತಾವೇ ಹಂಚಿಕೊಂಡರೆ ಕೆಲಸ ಹಗುರ. ಶಾಲೆ ಕಾಲೇಜುಗಳ ಚರಿತ್ರೆ ಮೇಷ್ಟ್ರುಗಳು ಇದನ್ನು ಮಕ್ಕಳ ಕೆಲಸವಾಗಿ ಕೊಡಬಹುದು, ಊರಿನ ಗ್ರಂಥಾಲಯಗಳು ಜೋಡಿಸಿಡಬಹುದು. ನೂರಾರು ಮನೆಗಳ ಟ್ರಂಕುಗಳಲ್ಲಿ ಮದುವೆ ಆಲ್ಬಮ್ಮುಗಳಿವೆ. ಅವುಗಳಲ್ಲಿ ವಧೂವರರ ಹಿಂದೆ ಹಳೆಯ ಬೀದಿ, ಜಗಲಿ, ಅಂಗಡಿಯ ಬೋರ್ಡು ಕಾಣುತ್ತವೆ. ಅವುಗಳ ಹೆಸರು, ಇಸವಿ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಿ.