ಕಾಣುತ್ತಿರುವ ಆಟಕ್ಕೆ ಮಾತೇಕೆ?

ಕಾಮೆಂಟರಿಗೆ ‘ವೀಕ್ಷಕ ವಿವರಣೆ’ ಎಂದು ಕನ್ನಡದಲ್ಲಿ ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ರೇಡಿಯೊ ಇರಬೇಕು. ಒಬ್ಬ ನೋಡುತ್ತಾನೆ, ನೋಡಲಾಗದವರಿಗೆ ವಿವರಿಸುತ್ತಾನೆ. ಟಿ.ವಿ. ಬಂದ ಮೇಲೆ ಮನೆಯಲ್ಲಿ ಕೂತವರೇ ವೀಕ್ಷಕರಾದರು. ಇನ್ನು ವಿವರಣೆ ಯಾರಿಗೆ? ಇಂಗ್ಲೆಂಡಿನ ಫುಟ್‌ಬಾಲ್ ಕಾಮೆಂಟರಿಯ ಚರಿತ್ರೆಯನ್ನು ಪ್ರಸಿದ್ಧ ದನಿಗಳ ಸಾಲಾಗಿ ಹೇಳುವುದು ವಾಡಿಕೆ. ನನಗೆ ಮಾತ್ರ ಅದು, ಇದ್ದ ಕೆಲಸ ಕೈತಪ್ಪಿದವರು ಹೊಸ ಕೆಲಸ ಹುಡುಕಿಕೊಂಡ ಕತೆಯಂತೆ ಕಾಣುತ್ತದೆ.

1927ರ ಜನವರಿ 22ರಂದು ಹೈಬರಿಯಲ್ಲಿ ನಡೆದ ಆರ್ಸೆನಲ್–ಶೆಫೀಲ್ಡ್ ಯುನೈಟೆಡ್ ಪಂದ್ಯವನ್ನು ಟೆಡ್ಡಿ ವೇಕ್‌ಲಮ್ ಬಿಬಿಸಿ ರೇಡಿಯೊದಲ್ಲಿ ವರ್ಣಿಸಿದಾಗ, ಮೈದಾನವನ್ನು ಚೌಕಗಳಾಗಿ ಭಾಗಿಸಿದ ನಕ್ಷೆಯೊಂದನ್ನು ‘ರೇಡಿಯೊ ಟೈಮ್ಸ್’ ಅಚ್ಚುಹಾಕಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಇನ್ನೊಂದು ದನಿ ಅಂಕಿ ಹೇಳುತ್ತಿತ್ತು. ಅಷ್ಟು ಪಾಡುಪಟ್ಟು ಕಟ್ಟಿಕೊಡುತ್ತಿದ್ದ ಚಿತ್ರವನ್ನು ಮುಂದೆ ಕ್ಯಾಮೆರಾ ಪುಕ್ಕಟೆಯಾಗಿ ಕೊಟ್ಟಿತು. 1938ರ ಎಫ್ಎ ಕಪ್ ಫೈನಲ್‌ನ ನೇರಪ್ರಸಾರದಲ್ಲಿ ಥಾಮಸ್ ವುಡ್ರೂಫ್ ವಿವರಣೆ ಬಿಟ್ಟು ಭವಿಷ್ಯ ಹೇಳಹೊರಟರು: ಇನ್ನು ಗೋಲಾದರೆ ಟೋಪಿ ತಿನ್ನುತ್ತೇನೆ! ಹೆಚ್ಚುವರಿ ಅವಧಿಯ ಕೊನೆಯ ನಿಮಿಷದಲ್ಲಿ ಪ್ರೆಸ್ಟನ್‌ನ ಜಾರ್ಜ್ ಮಚ್ ಪೆನಾಲ್ಟಿ ಹೊಡೆದೇಬಿಟ್ಟರು. (ಟೋಪಿ ತಿಂದದ್ದೂ ಹೌದು, ಕೇಕಿನ ಟೋಪಿ.) ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಹಾರಿಸಿದ್ದ ಕೆನೆತ್ ವೋಲ್ಸ್ಟನ್‌ಹೋಮ್ ಈ ಕಸುಬಿಗೆ ಮಿತಭಾಷೆ ಕಲಿಸಿದರು. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಹರ್ಸ್ಟ್ ಚೆಂಡಿನೊಂದಿಗೆ ಓಡುತ್ತಿರುವಾಗ ಅವರು ತೋರಿಸಿದ್ದು ಮೈದಾನಕ್ಕೆ ನುಗ್ಗಿದ ಜನರನ್ನು. ಎಲ್ಲ ಮುಗಿಯಿತೆಂದು ಅವರಂದುಕೊಂಡಿದ್ದಾರೆ ಎಂದರು. ಚೆಂಡು ಬಲೆಗೆ ಬಿದ್ದಾಗ, ಈಗ ಮುಗಿಯಿತು ಎಂದರು. ರೇಡಿಯೊದಲ್ಲಿ ಇಷ್ಟೇ ಹೇಳಿದ್ದರೆ ಗೋಲು ಹೇಗಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದಿನ ಪೀಳಿಗೆ ಎರಡು ದಾರಿ ಹಿಡಿಯಿತು. 1972ರ ಫೆಬ್ರವರಿಯಲ್ಲಿ ಲೀಗ್‌ನ ಹೊರಗಿನ ಹೆರೆಫರ್ಡ್ ತಂಡ ನ್ಯೂಕಾಸಲ್ ಅನ್ನು ಸೋಲಿಸಿದ ಪಂದ್ಯದಿಂದ ಹೆಸರಾದ ಜಾನ್ ಮಾಟ್ಸನ್ ಪರದೆಯಲ್ಲಿ ಕಾಣದ್ದನ್ನು, ಅಂದರೆ ಅಂಕಿಅಂಶ, ಹಿನ್ನೆಲೆ, ದಾಖಲೆಗಳನ್ನು ತಂದರು. ಬ್ಯಾರಿ ಡೇವಿಸ್ ಕಂಡದ್ದರ ಬೆಲೆ ಕಟ್ಟಿದರು. 1974ರಲ್ಲಿ ಫ್ರಾನ್ಸಿಸ್ ಲೀ ತಮ್ಮ ಹಳೆಯ ತಂಡ ಮ್ಯಾಂಚೆಸ್ಟರ್ ಸಿಟಿಯ ವಿರುದ್ಧ ಗೋಲು ಹೊಡೆದಾಗ ಡೇವಿಸ್ ವರ್ಣನೆಗೆ ಇಳಿಯದೆ, ಅವನ ಮುಖ ನೋಡಿ ಎಂದು ಉದ್ಗರಿಸಿದರು. ನನ್ನ ಮಟ್ಟಿಗೆ ಟಿ.ವಿ. ಕಾಮೆಂಟರಿ ತನ್ನ ನಿಜವಾದ ಕೆಲಸ ಕಂಡುಕೊಂಡದ್ದು ಇಲ್ಲಿ. ಇಂದು ಅಂಕಿಅಂಶ ಪರದೆಯ ಮೇಲೇ ಮೂಡುತ್ತದೆ, 1993ರಿಂದ ಪ್ರೀಮಿಯರ್ ಲೀಗ್ ಆಟಗಾರರ ಬೆನ್ನ ಮೇಲೆ ಹೆಸರೂ ಇದೆ. ಮಾಟ್ಸನ್ ದಾರಿ ಕಿರಿದಾಗಿದೆ, ಡೇವಿಸ್ ದಾರಿ ಸವೆದಿಲ್ಲ.

ಹಾಗಾದರೆ ಮಾತೇ ಬೇಡವೆನ್ನಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ, ರಕ್ಷಣಾ ಸಾಲು ಎಲ್ಲಿ ಬಿರುಕುಬಿಟ್ಟಿತೆಂದು ತಾನಾಗಿ ಹೇಳದು. ಮಾಜಿ ಆಟಗಾರರು ಪಕ್ಕದ ಮೈಕಿನಲ್ಲಿ ಕೂತದ್ದು ಅದಕ್ಕೇ. ಲ್ಯಾಟಿನ್ ಅಮೆರಿಕದ ಉಸಿರುಗಟ್ಟುವ ‘ಗೋಓಓಲ್’ ಈ ವಾದಕ್ಕೆ ಎದುರುಸಾಕ್ಷಿಯಲ್ಲವೇ ಎಂದರೆ, ಆ ಕೂಗು ರೇಡಿಯೊದಿಂದ ಬಂದ ಬಳುವಳಿ. ಅದು ವಿವರಿಸುವುದಿಲ್ಲ, ಸಂಭ್ರಮದ ಅಳತೆ ಕೊಡುತ್ತದೆ. 2012ರ ಮೇ 13ರಂದು ಮ್ಯಾಂಚೆಸ್ಟರ್ ಸಿಟಿಗೆ ಲೀಗ್ ಗೆದ್ದುಕೊಟ್ಟ ಗೋಲಿಗೆ ಮಾರ್ಟಿನ್ ಟೈಲರ್ ಕೂಡ ಅಗ್ವೆರೊ ಎಂಬ ಹೆಸರನ್ನು ಎಳೆದೆಳೆದು ಕೂಗಿದರು, ಆಮೇಲೆ ಸುಮ್ಮನಾಗಿ ಕ್ರೀಡಾಂಗಣದ ಗದ್ದಲಕ್ಕೆ ಜಾಗ ಬಿಟ್ಟರು.

ಈ ಕೆಲಸ ತೀರ್ಪು ಕೊಡುವ ಅಧಿಕಾರವಾಗಿತ್ತು ಎಂಬುದಕ್ಕೆ ಬಲವಾದ ಸಾಕ್ಷಿ ವಿರೋಧಿಗಳಿಂದಲೇ ಸಿಕ್ಕಿತು. 2007ರ ಏಪ್ರಿಲ್ 21ರಂದು ಫುಲಮ್–ಬ್ಲ್ಯಾಕ್‌ಬರ್ನ್ ಪಂದ್ಯದ ಮೂಲಕ ಜಾಕಿ ಓಟ್ಲಿ ಬಿಬಿಸಿಯ ಟಿ.ವಿ. ಕಾರ್ಯಕ್ರಮ ‘ಮ್ಯಾಚ್ ಆಫ್ ದ ಡೇ’ಯ ಮೊದಲ ಮಹಿಳಾ ಕಾಮೆಂಟೇಟರ್ ಆದರು, ಅವರು ಬಾಯಿ ತೆರೆಯುವ ಮೊದಲೇ ಟೀಕೆ ಎದ್ದಿತ್ತು. ಚೆಂಡು ಯಾರ ಕಾಲಲ್ಲಿದೆ ಎಂದಷ್ಟೇ ಹೇಳುವ ಕೆಲಸವಾಗಿದ್ದರೆ ದನಿ ಹೆಣ್ಣಿನದೆಂಬ ತಕರಾರೇಕೆ? ವಿಶ್ವಕಪ್ ಪಂದ್ಯವೊಂದರ ನೇರಪ್ರಸಾರಕ್ಕೆ ಬ್ರಿಟನ್ನಿನ ಟಿ.ವಿ.ಯಲ್ಲಿ ಮಹಿಳೆಯೊಬ್ಬರು, ವಿಕಿ ಸ್ಪಾರ್ಕ್ಸ್, ಮೈಕು ಹಿಡಿಯಲು ಮತ್ತೆ 11 ವರ್ಷ ಬೇಕಾಯಿತು.