ಕುಡುಕನಿಗೆ ಕುಡುಕನೇ ಜೊತೆ

ಕುಡಿತ ಬಿಡಬೇಕೆನ್ನುವವರು ಸೇರುವ ನಮ್ಮ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೊಸದಾಗಿ ಬಂದವರು, ‘ಇದನ್ನು ಶುರು ಮಾಡಿದ್ದು ಯಾವ ಸ್ವಾಮೀಜಿ?’ ಎಂದು ಕೇಳುವುದುಂಟು. ಇಬ್ಬರು ಕುಡುಕರು ಅನ್ನುತ್ತೇನೆ, ನಂಬುವುದಿಲ್ಲ.

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರುಪೇಟೆಯ ಬಿಲ್ ವಿಲ್ಸನ್, ವ್ಯವಹಾರ ಕೈಕೊಟ್ಟು ಅಕ್ರಾನ್ ಪಟ್ಟಣದ ಮೇಫ್ಲವರ್ ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದ. ಕುಡಿತ ಬಿಟ್ಟು ಐದೇ ತಿಂಗಳು. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಚರ್ಚುಗಳ ಪಟ್ಟಿ, ಪಕ್ಕದಲ್ಲೇ ಫೋನು. ಪಾದ್ರಿಗಳಿಗೆ ಫೋನು ಮಾಡಿ ಅವನು ಕೇಳಿದ್ದೇನು ಗೊತ್ತೆ? ಮಾತಾಡಲು ಇನ್ನೊಬ್ಬ ಕುಡುಕನನ್ನು!

ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಗೊಣಗುತ್ತ ಬಂದವರು ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಆಮೇಲೂ ಒಮ್ಮೆ ಜಾರಿದರು. ಆಪರೇಷನ್ನಿಗೆ ಹೊರಟಾಗ ಕೈನಡುಕ ನಿಲ್ಲಲೆಂದು ಬಿಲ್ಲೇ ಕೊಟ್ಟ ಬಿಯರು ಅವರ ಕೊನೆಯ ಕುಡಿತ. ಆ ದಿನವನ್ನು, ಅಂದರೆ ಜೂನ್ 10ನ್ನು, ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುದಿನವೆಂದು ಎಣಿಸುತ್ತದೆ.

ನಮ್ಮಲ್ಲಿ ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಅಲ್ಲೂ ಬಿಟ್ಟವನೇ ಬಿಡುವವನಿಗೆ ಆಸರೆ.

ನಿಮ್ಮೂರಲ್ಲಿ ನಮ್ಮ ಸಭೆ ಎಲ್ಲಿದೆ ಎಂದು ವಿಚಾರಿಸಿ, ಒಮ್ಮೆ ಬಂದು ಕೂತುಕೊಳ್ಳಿ. ಶುಲ್ಕವಿಲ್ಲ; ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು.