ಹಸಿರು ಕಲ್ಲಿನೊಳಗೊಂದು ಕವಿಗೋಷ್ಠಿ

ಅಮೆರಿಕದ ಮಿನಿಯಾಪೊಲಿಸ್ ನಗರದ ಕಲಾ ಸಂಗ್ರಹಾಲಯದಲ್ಲಿ ಚೀನದ ಜೇಡ್ ಶಿಲೆಯ ಒಂದು ಬೆಟ್ಟವಿದೆ. ತೂಕ ಸುಮಾರು 290 ಕಿಲೋ. ತಿಳಿಹಸಿರು ಬಂಡೆಯ ಇಳಿಜಾರಿನಲ್ಲಿ ಮರಗಳು, ಮಂಟಪ, ಹರಿಯುವ ತೊರೆ. ಅಲ್ಲಲ್ಲಿ ಪುಟ್ಟ ಪುಟ್ಟ ಪಂಡಿತರು. 1790ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದಲ್ಲಿ ಸಿದ್ಧವಾದ ಕೃತಿಯಿದು.

ಕೆತ್ತನೆಯ ಕಥೆ ಇನ್ನೂ ಹಳೆಯದು. ಕ್ರಿ.ಶ. 353ರ ವಸಂತದಲ್ಲಿ ಇಂದಿನ ಶಾವೊಷಿಂಗ್ ಬಳಿಯ ಲಾನ್‌ಟಿಂಗ್ ಎಂಬಲ್ಲಿ ವಾಂಗ್ ಷಿಝಿ ಎಂಬ ಅಧಿಕಾರಿ ಮಿತ್ರರನ್ನು ಕೂಡಿಸಿದನು. ಅಲ್ಲಿ ನೆರೆದವರು 42 ಮಂದಿ. ಮದ್ಯದ ಬಟ್ಟಲುಗಳನ್ನು ತೊರೆಯಲ್ಲಿ ತೇಲಿಬಿಡುವುದು, ಬಟ್ಟಲು ಯಾರ ಮುಂದೆ ನಿಲ್ಲುವುದೋ ಅವನು ಕವಿತೆ ಹೇಳುವುದು, ಹೇಳಲಾರದವನು ದಂಡವಾಗಿ ಮೂರು ಬಟ್ಟಲು ಕುಡಿಯುವುದು, ಇದು ಅಂದಿನ ಆಟ. 26 ಜನರಿಂದ 37 ಕವಿತೆಗಳು ಹುಟ್ಟಿದವು. ಉಳಿದ 16 ಜನ ದಂಡ ತೆತ್ತರು! ಈ ಸಂಕಲನಕ್ಕೆ ವಾಂಗ್ ಬರೆದ ಮುನ್ನುಡಿಯು ಸುಖದ ಕ್ಷಣಿಕತೆಯನ್ನು ಕುರಿತದ್ದು. ಚೀನದ ಲಿಪಿಕಲೆಗೆ ಅದೇ ಮೇಲ್ಪಂಕ್ತಿ. ಅದರ ಮೂಲಪ್ರತಿ 649ರಲ್ಲಿ ತೀರಿಕೊಂಡ ಟಾಂಗ್ ಚಕ್ರವರ್ತಿ ಟೈಝಾಂಗನೊಡನೆ ಸಮಾಧಿ ಸೇರಿತೆಂದು ಪ್ರತೀತಿ. ಇಂದು ಇರುವುವು ನಕಲುಗಳು ಮಾತ್ರ.

ಕಾಗದ ಕಳೆದುಹೋದರೂ ಆ ದೃಶ್ಯ ಕಲ್ಲಿನಲ್ಲಿ ನಿಂತಿತು. ಆದರೆ ಅದನ್ನು ನಿಲ್ಲಿಸಿದ ಬಗೆಯನ್ನು ನಾವು ಸ್ವಲ್ಪ ಯೋಚಿಸಬೇಕು. ನೆಫ್ರೈಟ್ ಜಾತಿಯ ಜೇಡ್ ಕಾಠಿಣ್ಯದಲ್ಲಿ ಸಾಮಾನ್ಯ ಉಕ್ಕಿಗಿಂತ ಹೆಚ್ಚು. ಅದರೊಳಗಿನ ಸೂಕ್ಷ್ಮ ಎಳೆಗಳು ಕಂಬಳಿಯಂತೆ ಹೆಣೆದುಕೊಂಡಿರುವುದರಿಂದ ಸುಲಭವಾಗಿ ಒಡೆಯುವುದೂ ಇಲ್ಲ. ಆದುದರಿಂದ ನಮ್ಮ ಶಿಲ್ಪಿಗಳು ಬಳಪದ ಕಲ್ಲನ್ನು ಕೆತ್ತುವಂತೆ ಉಳಿಯಿಂದ ಇದನ್ನು ಕೆತ್ತಲಾಗದು. ಕಾಲಿನಿಂದ ತುಳಿದು ತಿರುಗಿಸುವ ಕಬ್ಬಿಣದ ಚಕ್ರಗಳಿಗೆ ನೀರು ಮತ್ತು ಗಡುಸಾದ ಮರಳನ್ನು ಹಾಕಿ, ಕಲ್ಲನ್ನು ಕಣಕಣವಾಗಿ ಸವೆಸಬೇಕು. ಕೊರೆಯುವುದು ಚಕ್ರವಲ್ಲ, ಮರಳು. ಒಂದು ಅಂಗೈಯಗಲದ ಆಳ ತೆಗೆಯಬೇಕಾದರೂ ಎಷ್ಟು ತಾಳ್ಮೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

1759ರಲ್ಲಿ ಖೋಟಾನ್ ಪ್ರಾಂತವು ಚಿಂಗ್ ಸಾಮ್ರಾಜ್ಯದ ವಶವಾದ ಮೇಲೆ ಭಾರಿ ಜೇಡ್ ಬಂಡೆಗಳು ಸಾವಿರಾರು ಮೈಲಿ ದಾಟಿ ಬರತೊಡಗಿದುವು. ಬೀಜಿಂಗಿನ ಅರಮನೆ ಸಂಗ್ರಹಾಲಯದಲ್ಲಿರುವ, ಪ್ರವಾಹವನ್ನು ಹತೋಟಿಗೆ ತಂದ ಯೂ ಮಹಾರಾಜನ ಜೇಡ್ ಬೆಟ್ಟವು 5 ಟನ್ನಿಗೂ ಮಿಕ್ಕಿದ್ದು, 224 ಸೆಂಟಿಮೀಟರ್ ಎತ್ತರ. ಯಾಂಗ್‌ಝೌ ನಗರದ ಕುಶಲಿಗಳು ಅದನ್ನು 1787ರಲ್ಲಿ ಮುಗಿಸಿದರು.

ಲಾನ್‌ಟಿಂಗ್ ಬೆಟ್ಟದ ಮೇಲೆ ಚಕ್ರವರ್ತಿಯ ಬರಹವಿದೆ. ಕವಿತೆ ಬಾರದೆ ಕುಡಿದವರ ಹೆಸರುಗಳನ್ನೂ ಚೀನೀಯರು ದಾಖಲೆಯಲ್ಲಿ ಉಳಿಸಿಕೊಂಡಿದ್ದಾರೆ. ಚಕ್ರ ತುಳಿದು ಆ ಮರಗಳನ್ನೂ ತೊರೆಯನ್ನೂ ಕಲ್ಲಿನೊಳಗಿಂದ ಹೊರತೆಗೆದವರ ಹೆಸರನ್ನು ಮಾತ್ರ ಇಂದು ಯಾರೂ ಹೇಳುವುದಿಲ್ಲ. ಇಂಥ ಕೃತಿಯ ಚಿತ್ರವನ್ನು ಕಂಡಾಗ ಪಂಡಿತರನ್ನು ಎಣಿಸುವುದರ ಜೊತೆಗೆ, ಅವರ ಅಂಗಿಯ ಮಡಿಕೆಗಳನ್ನೂ ನಾವು ಸ್ವಲ್ಪ ಹೊತ್ತು ನೋಡೋಣ.